ನಮ್ಮ ಬಾಯಾಗಿನ ಬದ್ಮಾಶ್, ತಕರಾರು, ಬಿಟ್ಟಿ

ಅಕ್ಕಂದಿರಾ, ಚಿಗವ್ವಗೋಳಾ, ಈ ಸಲ ಅಡಗಿ ಬಿಟ್ಟು ಮಾತಿನ ಸುದ್ದಿ. ನಮ್ಮ ಯಾದಗಿರಿ, ಶಹಾಪುರ, ಸುರಪುರದ ಹುಡುಗ್ಯಾರು ಬೆಂಗಳೂರಿಗೆ ಓದ್ಲಿಕ್ಕ, ನೌಕರಿಗಿ ಹೋಗ್ತಾರ. ಅಲ್ಲಿ "ಜಲ್ದಿ ಬಾರವಾ", "ಭಾಳ ಫಜೀತಿ ಆತು" ಅಂದ್ರ ನಗ್ತಾರಂತ. ಇದೆಂಥಾ ಕನ್ನಡ, ಕಲಬೆರಕಿ ಅಂತಾರಂತ. ಪಾಪ, ಕೆಲವ್ರು ಬಾಯಿ ಬಿಗಿಹಿಡಿದು ಮಾತಾಡೂದು ಕಲ್ತಾರ. ಅವರಿಗಂತನೇ ಇದನ್ನ ಬರೀಲಿಕತ್ತೀನಿ.

ಈ ಮಾತುಗಳು ಎಲ್ಲಿಂದ ಬಂದ್ವು? 1347ರಾಗ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿ ಆತು. ಆಮ್ಯಾಲ ವಿಜಾಪುರದ ಆದಿಲಶಾಹಿ ಬಂತು. ದಫ್ತರದಾಗ ಪಾರ್ಸಿ ನಡೀತಿತ್ತು. ಸುರಪುರದ ನಾಯಕರು ತಮ್ಮ ಸಂಸ್ಥಾನ ಭಾಳ ದಿನ ಉಳಿಸಿಕೊಂಡ್ರು. 1705ರಾಗ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ವಾಗಣಗೇರಿ ಕೋಟಿಗಿ ಬರಬೇಕಾತು. 1858ರಾಗ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ಮ್ಯಾಲ ಎದ್ದು ಸೋತ ಮ್ಯಾಲ, 1860ರಾಗ ಸುರಪುರನೂ ನಿಜಾಮನ ಕೈಗಿ ಹೋತು. 1880ರ ದಶಕದಾಗ ಹೈದರಾಬಾದ್ ಸರ್ಕಾರ ಪಾರ್ಸಿ ಬಿಟ್ಟು ಉರ್ದು ಹಿಡೀತು. 1918ರಾಗ ಸುರು ಆದ ಉಸ್ಮಾನಿಯಾ ವಿಶ್ವವಿದ್ಯಾಲಯದಾಗ ಪಾಠನೂ ಉರ್ದುದಾಗೇ. 1948ರ ಸೆಪ್ಟೆಂಬರ್ 17ಕ್ಕ ನಿಜಾಮಶಾಹಿ ಮುಗೀತು, 1956ರ ನವೆಂಬರ್ 1ಕ್ಕ ನಾವು ಮೈಸೂರು ರಾಜ್ಯದಾಗ ಕೂಡಿದ್ವಿ. ಅಲ್ಲಿತನ ತಹಶೀಲಿಗಿ ಹೋದ್ರೂ, ಕೋರ್ಟಿಗಿ ಹೋದ್ರೂ, ಠಾಣೆಕ್ಕ ಹೋದ್ರೂ ಉರ್ದುನೇ. ಗಂಡಸ್ರು ಅಲ್ಲಿಂದ ಮಾತು ತಂದ್ರು, ಹೆಂಗಸ್ರು ಅದನ್ನ ಒಲಿ ಮುಂದ ಬ್ಯಾರೇನೇ ಮಾಡಿದ್ರು.

ಬದ್ಮಾಶ್ ನೋಡ್ರಿ. ಮಆಶ್ ಅಂದ್ರ ಜೀವನಕ್ಕಿರೋ ದಾರಿ. ಕೆಟ್ಟ ದಾರಿಲೆ ಹೊಟ್ಟಿ ಹೊರಿಯಾವ ಬದ್ಮಾಶ್. ನಾವು? ಬೆಲ್ಲ ಕದ್ದು ತಿಂದ ಮೊಮ್ಮಗನ ಗಲ್ಲ ಹಿಂಡಿ "ಏ ಬದ್ಮಾಶ್" ಅಂತೀವಿ. ಪೊಲೀಸರ ಮಾತು ಮುದ್ದಿನ ಮಾತಾತು.

ತಕರಾರು ಅಂದ್ರ ಅರಬ್ಬಿದಾಗ ಹೇಳಿದ್ದೇ ಹೇಳೂದು. ನಮ್ಮಲ್ಲಿ ಜಗಳ. ವಾರಗಿತ್ಯಾರ ಜಗಳ ಕೇಳಿದವ್ರಿಗಿ ಎರಡೂ ಒಂದೇ ಅಂತ ಗೊತ್ತದ! ಹೈರಾಣ ಅಂದ್ರ ದಿಕ್ಕು ತೋಚದೆ ನಿಂತಾವ, ನಮಗ ಅದು ದಣಿವು. ಫಜೀತಿ ಅಂದ್ರ ಮೂಲದಾಗ ಮಾನ ಹೋಗೂದು. ನಮಗ ಗ್ಯಾಸ್ ಮುಗಿದ ಹೊತ್ತಿಗೇ ಬೀಗರು ಬಂದ್ರ ಫಜೀತಿ. ಶಾಬಾಸ್ ಅನ್ನೂದು "ಖುಷಿಲೆ ಇರು" ಅನ್ನೋ ಪಾರ್ಸಿ ಹರಕಿ. ಶಾಣ್ಯಾ, ಖರೆ ಇವು ಮರಾಠಿ ನಂಟಿನವು.

ಸುರಪುರದ ಗುಡ್ಡದ ಮ್ಯಾಲ ಟೇಲರ್ ಮಂಜಿಲ್ ಅದ. 1840ರ ದಶಕದಾಗ ರಾಜಾ ಇನ್ನೂ ಸಣ್ಣಾವಿದ್ದಾಗ ಕಾರಭಾರ ನೋಡ್ಲಿಕ್ಕ ಬಂದ ಮೆಡೋಸ್ ಟೇಲರ್ ಕಟ್ಟಿಸಿದ್ದು. ಆ ಹುಡುಗ ಅವನಿಗಿ "ಅಪ್ಪಾ" ಅಂತಿದ್ದ. ಇಂಗ್ಲಿಷ್ ಮನಶ್ಯಾ, ಅರಬ್ಬಿ ಮಂಜಿಲ್, ಕನ್ನಡದ ಅಪ್ಪಾ. ಒಂದೇ ಗುಡ್ಡದಾಗ ಮೂರೂ ಅವ.

ಹಂಗಂತ ನಮ್ದೆಲ್ಲಾ ಹೊರಗಿಂದು ಅಲ್ಲ. ಬೆಂಗಳೂರವ್ರು "ಬೇಡ" ಅನ್ನೂ ಜಾಗಾದಾಗ ನಾವು "ಒಲ್ಲೆ" ಅಂತೀವಲ್ಲ, ಅದು ಶರಣರ ವಚನದಾಗಿನ ಮಾತು. ಜೇಡರ ದಾಸಿಮಯ್ಯನವರ ಮುದನೂರು ಇಲ್ಲೇ ನಮ್ಮ ಸುರಪುರ ಸೀಮ್ಯಾಗ ಅದ. ಕನ್ನಡದಾಗ ಸಿಕ್ಕ ಮೊದಲ್ನೇ ಪುಸ್ತಕ ಕವಿರಾಜಮಾರ್ಗ 9ನೇ ಶತಮಾನದ್ದು, ರಾಷ್ಟ್ರಕೂಟರ ಆಸ್ಥಾನದಾಗ ಹುಟ್ಟಿದ್ದು. ಅವರ ರಾಜಧಾನಿ ಮಳಖೇಡ ಯಾದಗಿರಿಗಿ ಎಷ್ಟು ದೂರದ?

ಕಡೀಕ ಒಂದು ಮಾತು, ಬಿಟ್ಟಿ. ಈಗ ಬಿಟ್ಟಿ ಅಂದ್ರ ಪುಕ್ಕಟೆ ಸಿಕ್ಕಿದ್ದು. ಮೊದಲು ಹಂಗಿರಲಿಲ್ಲ. ಸಂಸ್ಕೃತದ ವಿಷ್ಟಿ ಬಿಟ್ಟಿ ಆತು, ಅಂದ್ರ ಕೂಲಿ ಕೊಡದೆ ಒತ್ತಾಯಲೆ ಮಾಡಿಸೂ ಕೆಲಸ. ಪಾರ್ಸಿದಾಗ ಅದಕ್ಕೇ ಬೇಗಾರ. ನಮ್ಮವ್ರು ಎರಡೂ ಕೂಡಿಸಿ ಬಿಟ್ಟಿ ಬೇಗಾರಿ ಅಂದ್ರು. ನಿಜಾಮನ ಸೀಮ್ಯಾಗ ಜಾಗೀರದಾರರ ಮನಿಗಿ, ಅಧಿಕಾರಿ ಊರಿಗಿ ಬಂದಾಗ ಬಡವ್ರು ಕಟಗಿ ಒಡೀಬೇಕು, ನೀರು ಹೊರಬೇಕು, ಕೂಲಿ ಕೇಳೂ ಹಂಗಿಲ್ಲ. 1976ರಾಗ ಜೀತ ನಿಲ್ಲಿಸೂ ಕಾಯದೆ ಬಂತು. ಮಾತು ಮಾತ್ರ ತಲಿಕೆಳಗ ಆತು. ಮಾಡಿಸ್ಕೊಂಡವನ ಕಡಿಂದ ನೋಡಿದ್ರ ಪುಕ್ಕಟೆ, ಮಾಡಿದವನ ಕಡಿಂದ ನೋಡಿದ್ರ ಕೂಲಿ ಇಲ್ಲದ ದುಡಿತ. ನಮ್ಮ ಬಾಯಾಗ ಉಳಿದದ್ದು ಮಾಡಿಸ್ಕೊಂಡವನ ಅರ್ಥ.

ಅದಕ್ಕೇ ಮುಂಜಾನಿ ಐದಕ್ಕೆದ್ದು ರೊಟ್ಟಿ ಬಡದು, ಮುಸರಿ ತಿಕ್ಕಿ, ಹೊಲಕ್ಕ ಬುತ್ತಿ ಒಯ್ದು ಬಂದ ಸೊಸಿಗಿ "ಮನ್ಯಾಗ ಕುಂತು ಬಿಟ್ಟಿ ಉಣ್ತಾಳ" ಅಂದ್ರ ನನಗ ಸಂಕಟ ಆಗ್ತದ. ಬಿಟ್ಟಿ ಉಣ್ಣಾಕಿ ಅಲ್ರೀ ಆಕಿ, ಬಿಟ್ಟಿ ದುಡಿಯಾಕಿ. ಹುಡುಗ್ಯಾರಾ, ಜಲ್ದಿ, ಫಜೀತಿ ಧೈರ್ಯಲೆ ಅನ್ರಿ. ಈ ಒಂದು ಮಾತು ಮಾತ್ರ ಯಾರಿಗಿ ಅನ್ಲಿಕತ್ತೀವಿ ಅಂತ ನೋಡಿ ಅನ್ರಿ.

ನಿಮ್ಮ ಮನಿ ಆಯಿ ಬಾಯಾಗ ಇಂಥವು ಇನ್ನೂ ಭಾಳ ಇರ್ತಾವ. ಕೇಳಿ ಬರದಿಡ್ರಿ, ಮುಂದಿನ ಸಲ ಕೂಡೇ ಬಿಡಿಸಿ ನೋಡೂಣು.