ಚುಕ್ಕಿ ಮುಟ್ಟದ ಗೆರೆ

ಜಕ್ಕೂರಿನವಳಾದ ನನಗೆ ವಾಹನಗಳು ಹೊಸತೇನಲ್ಲ. ಒಂದು ಕಡೆ ವೈಮಾನಿಕ ತರಬೇತಿ ಶಾಲೆಯ ಮೈದಾನ, ಇನ್ನೊಂದು ಕಡೆ ಬಳ್ಳಾರಿ ರಸ್ತೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ಆ ರಸ್ತೆ ದಾಟುವುದೇ ಒಂದು ವ್ರತವಾಗಿದೆ. ಇಷ್ಟು ಕಾರುಗಳನ್ನು ಕಂಡವಳು ಒಂದು ಕಾರಿನ ಚಿತ್ರ ಬರೆಯಲಾರೆನೇ ಎಂಬ ಜಂಬದಿಂದಲೇ ಕಳೆದ ಬೇಸಿಗೆ ರಜೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತೆ.

ಗುರು ನನ್ನ ತಮ್ಮನ ಮಗ. 2003ರಲ್ಲಿ ಹುಟ್ಟಿದ, ಕಾಸು ಕೊಡಬೇಕಿಲ್ಲದ ಇಂಕ್‌ಸ್ಕೇಪ್ ಎಂಬ ತಂತ್ರಾಂಶವನ್ನು ಹಾಕಿಕೊಟ್ಟ. ನಾನು ಆರಿಸಿಕೊಂಡದ್ದು ರೇವಾ. 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾಗಿ ರಸ್ತೆಗಿಳಿದ, ಲಂಡನ್ನಿನಲ್ಲೂ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿದ ಆ ಪುಟ್ಟ ವಿದ್ಯುತ್ ಕಾರು ಈಗ ತಯಾರಾಗುತ್ತಿಲ್ಲ. ಗುಂಡುಗುಂಡಾಗಿದೆ, ಸುಲಭವಾದೀತು ಎಂಬುದು ನನ್ನ ಎಣಿಕೆಯಾಗಿತ್ತು.

ಚಾವಣಿಯ ಬಾಗು ತಪ್ಪಬಾರದೆಂದು ಒತ್ತೊತ್ತಾಗಿ ನಲವತ್ತು ಚುಕ್ಕಿ ಇಟ್ಟು ಗೆರೆ ಎಳೆದೆ. ಮೂಡಿಬಂದದ್ದು ಕಾರಲ್ಲ, ಸಿಪ್ಪೆ ಸುಲಿದ ಆಲೂಗಡ್ಡೆ. ಹುಡುಗ ನಕ್ಕು, “ನೋಡ್ ಜಾಸ್ತಿ ಆಯ್ತು ಅತ್ತೆ” ಎಂದ. “ಅತ್ತೆಗೆ ನೋಡ್ ಅಂತೀಯೇನೋ, ನೋಡಿ ಅನ್ನೋಕಾಗಲ್ವಾ?” ಎಂದು ಗದರಿದೆ. ಆ ಚುಕ್ಕಿಗೇ ‘ನೋಡ್’ ಎಂಬ ಹೆಸರೆಂದು ಆಮೇಲೆ ತಿಳಿಯಿತು. ಅವನು ಬಹುಪಾಲು ಚುಕ್ಕಿಗಳನ್ನು ಅಳಿಸಿ ಮೂರನ್ನು ಮಾತ್ರ ಉಳಿಸಿದ. ಒಂದೊಂದರಿಂದ ಹೊರಟ ಕಡ್ಡಿಯಂಥ ಹಿಡಿಗಳನ್ನು ಅತ್ತಿತ್ತ ಎಳೆದ. ಗೆರೆ ಬೆಣ್ಣೆಯಂತೆ ಬಾಗಿ ಚಾವಣಿಯಾಯಿತು.

ಹೊಸಿಲ ಮುಂದೆ ಚುಕ್ಕಿ ರಂಗೋಲಿ ಹಾಕಿದವರಿಗೆ ಇದರ ಗುಟ್ಟು ಬೇಗ ಹಿಡಿಯುತ್ತದೆ. ಬಳ್ಳಿಯ ಗೆರೆ ಚುಕ್ಕಿಯನ್ನು ಮುಟ್ಟುವುದಿಲ್ಲ, ಅದರ ಮರ್ಯಾದೆ ಕಾಯ್ದು ಸುತ್ತಿ ಹೋಗುತ್ತದೆ. ಇಲ್ಲಿಯೂ ಗೆರೆಯ ಒಂದೊಂದು ತುಂಡಿಗೆ ನಾಲ್ಕು ಚುಕ್ಕಿ. ತುದಿಯ ಎರಡನ್ನು ಗೆರೆ ಮುಟ್ಟುತ್ತದೆ. ನಡುವಿನ ಎರಡು ದೂರ ನಿಂತು ಅದನ್ನು ತಮ್ಮತ್ತ ಸೆಳೆಯುತ್ತವೆ. ಫೋಟೋವನ್ನು ಹಿಗ್ಗಿಸಿದರೆ ಅದು ಚೌಕಚೌಕವಾಗಿ ಒಡೆಯುತ್ತದೆ. ವೆಕ್ಟರ್ ಚಿತ್ರ ಹಾಗಲ್ಲ. ಅದರಲ್ಲಿರುವುದು ಬಣ್ಣದ ಕಣಗಳಲ್ಲ, ಎಲ್ಲಿಂದ ಎಲ್ಲಿಗೆ ಹೇಗೆ ಬಾಗಬೇಕೆಂಬ ಲೆಕ್ಕ. ಅಂಚೆಚೀಟಿಯಷ್ಟು ಮಾಡಿ, ಗೋಡೆಯಷ್ಟು ಮಾಡಿ, ಅಂಚು ನಯವಾಗಿಯೇ ಇರುತ್ತದೆ.

ಸಮಾಜ ವಿಜ್ಞಾನ ಪಾಠ ಹೇಳುವವಳಿಗೆ ಏನು ಕಂಡರೂ ‘ಇದು ಯಾವಾಗ, ಯಾರಿಂದ?’ ಎಂದು ಕೇಳುವ ಚಟ. ‘ಬೆಜಿಯೆ ರೇಖೆ’ ಎಂದ ಹುಡುಗ. ಬೆಜಿಯೆ ರೇಖೆಯನ್ನು ಕಂಡುಹಿಡಿದವರು ಯಾರು? ಒಂದು ಅಂಕದ ಪ್ರಶ್ನೆಗೆ ಇದಕ್ಕಿಂತ ಸುಲಭವಾದದ್ದು ಬೇಕೆ, ಉತ್ತರ ಪ್ರಶ್ನೆಯಲ್ಲೇ ಇದೆ! ಆದರೆ ಬಗೆದು ನೋಡಿದರೆ ಕತೆ ಬೇರೆ.

ಹಿಂದೆ ಹಡಗು ಕಟ್ಟುವವರು ತೆಳುವಾದ ಮರದ ಪಟ್ಟಿಯನ್ನು ಬಾಗಿಸಿ, ಸೀಸದ ಗುಂಡುಗಳನ್ನು ಹೇರಿ ಅದನ್ನು ಅಲುಗದಂತೆ ನಿಲ್ಲಿಸಿ, ಬಾಗು ಗೆರೆ ಎಳೆಯುತ್ತಿದ್ದರು. ಕಾರಿನ ಮೈಯನ್ನು ಕೈಚಿತ್ರದಿಂದ ಮಾದರಿಗೆ, ಮಾದರಿಯಿಂದ ಅಚ್ಚಿಗೆ ದಾಟಿಸುವಾಗ ಪ್ರತಿ ಹಂತದಲ್ಲೂ ಕೂದಲೆಳೆಯ ವ್ಯತ್ಯಾಸ ಬರುತ್ತಿತ್ತು. ತಪ್ಪು ಯಾರದೆಂಬ ಜಗಳಕ್ಕೆ ಕೊನೆಯಿರಲಿಲ್ಲ. ಬಾಗನ್ನೇ ಅಂಕಿಗಳಲ್ಲಿ ಹಿಡಿದಿಟ್ಟರೆ ಜಗಳವೇ ಇರದೆಂದು ಫ್ರಾನ್ಸಿನ ರೆನೊ ಕಾರ್ಖಾನೆಯ ಎಂಜಿನಿಯರ್ ಪಿಯರ್ ಬೆಜಿಯೆ 1960ರ ಸುಮಾರಿಗೆ ಕೆಲಸಕ್ಕಿಳಿದರು. ಯೂನಿಸರ್ಫ್ ಎಂಬ ವ್ಯವಸ್ಥೆಯನ್ನು ಕಟ್ಟಿದರು, ತಮ್ಮ ವಿಧಾನವನ್ನು ಬರೆದು ಪ್ರಕಟಿಸಿದರು. ಜಗತ್ತು ಓದಿತು, ಅವರ ಹೆಸರನ್ನೇ ಇಟ್ಟಿತು.

ಆದರೆ ಅದೇ ದೇಶದ ಸಿಟ್ರೊಯೆನ್ ಕಾರ್ಖಾನೆಯಲ್ಲಿ ಪಾಲ್ ದ ಕಾಸ್ಟೆಲ್ಜೊ ಎಂಬ ತರುಣ ಗಣಿತಜ್ಞ 1959ರಲ್ಲೇ ಈ ರೇಖೆಯನ್ನು ಕಂಡುಕೊಂಡಿದ್ದರು. ಅವರ ಉಪಾಯ ಎಷ್ಟು ಸರಳವೆಂದರೆ ಏಳನೆಯ ತರಗತಿಯ ಮಗುವೂ ಮಾಡಬಲ್ಲದು. ಕಾಗದದ ಮೇಲೆ ಅ, ಆ, ಇ ಎಂದು ಮೂರು ಚುಕ್ಕಿ ಇಡಿ. ಅ–ಆ ಗೆರೆಯ ನಡುವೆ ಒಂದು ಗುರುತು, ಆ–ಇ ಗೆರೆಯ ನಡುವೆ ಇನ್ನೊಂದು. ಆ ಎರಡು ಗುರುತುಗಳನ್ನು ಕೂಡಿಸಿದ ಗೆರೆಯ ನಟ್ಟನಡು ಬಿಂದು ನಮಗೆ ಬೇಕಾದ ಬಾಗಿನ ಮೇಲೆಯೇ ಇರುತ್ತದೆ. ಈಗ ಬಾಗು ಎರಡು ಪಾಲಾಯಿತು. ಒಂದೊಂದು ಪಾಲಿನಲ್ಲೂ ಹೀಗೆಯೇ ಮಾಡುತ್ತಾ ಹೋದರೆ ನೇರ ಗೆರೆಗಳಿಂದಲೇ ಬಾಗು ಗೆರೆ ಹುಟ್ಟುತ್ತದೆ.

ಕಂಪನಿ ಇದನ್ನು ಗುಟ್ಟಾಗಿ ಇಟ್ಟುಕೊಂಡಿತು. ಕಾಸ್ಟೆಲ್ಜೊ ಅವರ ಬರಹ ಹೊರಗಿನವರ ಕಣ್ಣಿಗೆ ಬಿದ್ದದ್ದು 1970ರ ದಶಕದಲ್ಲಿ. ಆಗ ಈ ಅರ್ಧಿಸುವ ವಿಧಾನಕ್ಕೆ ಅವರ ಹೆಸರು ಬಂತು, ರೇಖೆಯ ಹೆಸರು ಮಾತ್ರ ಬದಲಾಗಲಿಲ್ಲ. ಇವರಿಬ್ಬರ ಬೆನ್ನ ಹಿಂದೆ 1912ರಲ್ಲಿ ಸೆರ್ಗೆಯ್ ಬರ್ನ್‌ಸ್ಟೈನ್ ಬರೆದ ಶುದ್ಧ ಗಣಿತವೂ ಇತ್ತು. ಅವರೇನೂ ಕಾರಿಗಾಗಿ ಬರೆದವರಲ್ಲ. 2012ರಲ್ಲಿ ಕಾಸ್ಟೆಲ್ಜೊ ಅವರಿಗೊಂದು ದೊಡ್ಡ ಪ್ರಶಸ್ತಿ ದೊರೆಯಿತು. ಅದರ ಹೆಸರು ಬೆಜಿಯೆ ಪ್ರಶಸ್ತಿ! 2022ರಲ್ಲಿ ಅವರು ತೀರಿಕೊಂಡರು. ಬೆಜಿಯೆ 1999ರಲ್ಲೇ ಹೋಗಿದ್ದರು. ಒಬ್ಬರು ಇನ್ನೊಬ್ಬರಿಂದ ಕದ್ದವರಲ್ಲ, ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಪ್ರಾಮಾಣಿಕರೇ. ವ್ಯತ್ಯಾಸವಿಷ್ಟೆ: ಒಬ್ಬರ ಪುಟ ತೆರೆದಿತ್ತು, ಇನ್ನೊಬ್ಬರದು ಮುಚ್ಚಿತ್ತು.

ಕಾರಿನ ಕಾರ್ಖಾನೆಯಿಂದ ಈ ರೇಖೆ ಅಚ್ಚಿನ ಲೋಕಕ್ಕೆ ಬಂತು. 1984ರಲ್ಲಿ ಬಂದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ಭಾಷೆ ಅಕ್ಷರಗಳ ಅಂಚನ್ನು ಇದರಿಂದಲೇ ಬರೆಯಿತು. 1987ರ ಇಲಸ್ಟ್ರೇಟರ್ ಅದನ್ನು ಚಿತ್ರಕಾರರ ಕೈಗಿತ್ತಿತು. ಇದನ್ನು ಹೇಳುತ್ತಾ ಹುಡುಗ ತೆರೆಯ ಮೇಲೆ ಕನ್ನಡದ ‘ಠ’ವನ್ನು ದೊಡ್ಡದು ಮಾಡಿ, ಏನೋ ಒತ್ತಿ ತೋರಿಸಿದ. ಅಕ್ಷರದ ಸುತ್ತ ಅವೇ ಚುಕ್ಕಿಗಳು, ಅವೇ ಹಿಡಿಗಳು! ನಮ್ಮ ಲಿಪಿಯೇ ದುಂಡು. ಕಾರಿನ ಮೈಗೆಂದು ಹುಟ್ಟಿದ ಗೆರೆ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ನೀವು ಓದುತ್ತಿರುವ ಈ ಸಾಲಿನ ಅಕ್ಷರಗಳೂ ಹಾಗೆ ಬಂದವೇ.

ಆಗ ನನಗೊಂದು ನೋಟ್ ಬುಕ್ ನೆನಪಾಯಿತು. ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇತಿಹಾಸದ ಪುಸ್ತಕದ ಹಿಂಬದಿಯ ಹಾಳೆಗಳ ತುಂಬ ಕಾರುಗಳನ್ನು ಬರೆದಿದ್ದಳು. ಪಕ್ಕದಿಂದ, ಎದುರಿನಿಂದ, ಬಾಗಿಲು ತೆರೆದಂತೆ. ನಾನು ಕೆಂಪು ಶಾಯಿಯಲ್ಲಿ ‘ಸಮಯ ವ್ಯರ್ಥ’ ಎಂದು ಬರೆದು ಸಹಿ ಹಾಕಿದೆ. ಮುಂದಿನ ಸಲ ಆ ಹಾಳೆಗಳು ಇರಲಿಲ್ಲ, ನೀಟಾಗಿ ಹರಿದು ತೆಗೆದಿದ್ದಳು. ಅವಳು ಈಗೆಲ್ಲಿದ್ದಾಳೋ. ಪುಟ ಮುಚ್ಚಿಸಲು ದೊಡ್ಡ ಕಂಪನಿಯೇ ಬೇಕಾಗಿಲ್ಲ, ಒಬ್ಬ ಟೀಚರಿನ ಕೆಂಪು ಪೆನ್ನು ಸಾಕು.

ಶಾಲೆ ತೆರೆದ ಮೇಲೆ ‘ಯಾರು ಕಂಡುಹಿಡಿದರು?’ ಎಂಬ ಪ್ರಶ್ನೆಯ ಜೊತೆಗೆ ‘ಅದು ನಮಗೆ ಹೇಗೆ ತಿಳಿಯಿತು?’ ಎಂದೂ ಕೇಳುತ್ತಿದ್ದೇನೆ. ನೋಟ್ ಬುಕ್ ತಿದ್ದುವಾಗ ಹಿಂಬದಿಯ ಹಾಳೆಗಳನ್ನೂ ತಿರುವಿ ನೋಡುತ್ತೇನೆ. ರೇವಾದ ಚಾವಣಿ, ಬಾಗಿಲು ಮುಗಿದಿವೆ. ಹೆಡ್‌ಲೈಟ್ ಮಾತ್ರ ಇನ್ನೂ ಸೊಟ್ಟಗಿದೆ, ನೋಡ್ ಜಾಸ್ತಿಯಾಗಿರಬೇಕು.