ಸುರಪುರ ಸೀಮೆಯ ಪೊಲೀಸ್ ಪಾಟೀಲ ಮತ್ತು ಗಾಂಜಾ ಕಾವಲು

1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಅಡಗಿ, 1860ರಲ್ಲಿ ಸುರಪುರ ಸಂಸ್ಥಾನವು ಹೈದರಾಬಾದಿನ ನಿಜಾಮನ ವಶಕ್ಕೆ ಬಂದ ಬಳಿಕ, ಅವನ ದಿವಾನ ಸಾಲಾರ್ ಜಂಗನು 1865ರಲ್ಲಿ ಜಾರಿಗೆ ತಂದ ಜಿಲ್ಲಾಬಂದಿ, ಅಂದರೆ ರಾಜ್ಯವನ್ನು ಜಿಲ್ಲೆ-ತಾಲ್ಲೂಕುಗಳಾಗಿ ವಿಂಗಡಿಸಿ ಸಂಬಳದ ಅಧಿಕಾರಿಗಳನ್ನು ನೇಮಿಸುವ ವ್ಯವಸ್ಥೆ, ಈ ಸೀಮೆಯ ಅಪರಾಧ ತನಿಖೆಯ ಸ್ವರೂಪವನ್ನೇ ಬದಲಿಸಿತು. ಠಾಣೆಯ ಮುಖ್ಯಸ್ಥನಾದ ಅಮೀನನು ವರ್ಗಾವಣೆಗೆ ಒಳಪಟ್ಟವನು, ಬರಹ ಮೊದಲು ಪಾರಸಿಯದು, ಮುಂದೆ ಉರ್ದುವಿನದು. ಊರಿನಲ್ಲಿ ಅವನ ಜೊತೆಗಾರನಾದ ಪೊಲೀಸ್ ಪಾಟೀಲನು ವಂಶಪಾರಂಪರ್ಯವಾಗಿ ಹುದ್ದೆ ಪಡೆದವನು, ಕನ್ನಡದವನು, ಯಾವ ಹೊಲ ಯಾರದೆಂದು ಬಲ್ಲವನು. ಕಂದಾಯ ವಸೂಲಿಯ ಹೊಣೆ ಮಾಲಿ ಪಾಟೀಲನದಾಗಿದ್ದು, ಈ ಎರಡೂ ಹೆಸರುಗಳು ಯಾದಗಿರಿ, ಶಹಾಪುರಗಳಲ್ಲಿ ಇಂದಿಗೂ ಮನೆತನದ ಹೆಸರುಗಳಾಗಿ ಉಳಿದಿವೆ.

ಅಮೀನ-ಪಾಟೀಲರ ಜೋಡಿ ಎಂದೂ ಸಮನಾದುದಲ್ಲ. ಅಮೀನನಿಗೆ ಅಧಿಕಾರವಿತ್ತು, ಆದರೆ ಊರಿನ ಸುಳಿವಿರಲಿಲ್ಲ. ಪಾಟೀಲನಿಗೆ ಸುಳಿವಿತ್ತು, ಆದರೆ ಬಂಧು-ಬಳಗದವರ ವಿರುದ್ಧ ಅದನ್ನು ನುಡಿಯುವ ಮನಸ್ಸು ಯಾವಾಗಲೂ ಇದ್ದಿರಲಾರದು. ಮೇಲಾಗಿ ಗಾಂಜಾ ಆಗ ನಿಷಿದ್ಧ ವಸ್ತುವಾಗಿರದೆ, ಪರವಾನಗಿ ಮತ್ತು ಸುಂಕಕ್ಕೆ ಒಳಪಟ್ಟ ಸರಕಾಗಿತ್ತು. ಬ್ರಿಟಿಷ್ ಇಂಡಿಯಾದಲ್ಲಿಯೂ 1893-94ರ ಗಾಂಜಾ ಆಯೋಗವು ಸಂಪೂರ್ಣ ನಿಷೇಧವನ್ನು ಶಿಫಾರಸು ಮಾಡಲಿಲ್ಲ. ಶೇಂದಿ-ಸಾರಾಯಿಗಳ ಮಾರಾಟ ಹರಾಜಿನಲ್ಲಿ ಗುತ್ತೇದಾರನ ಪಾಲಾಗುತ್ತಿತ್ತು. ಹೀಗಾಗಿ ಅಮಲಿನ ಅಪರಾಧವೆಂದರೆ ಬಹುಮಟ್ಟಿಗೆ ಸುಂಕ ತಪ್ಪಿಸುವ ಅಪರಾಧವಾಗಿತ್ತು.

ಮೈಸೂರು ರಾಜ್ಯದ 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದು ಪಾಟೀಲಕಿ ಮುಗಿಯಿತು. 1985ರ ನವೆಂಬರ್ 14ರಿಂದ ಜಾರಿಯಾದ ಮಾದಕ ದ್ರವ್ಯ ಕಾಯಿದೆಯು ಗಾಂಜಾವನ್ನು ಅಪರಾಧದ ಪಟ್ಟಿಗೆ ಸೇರಿಸಿದಾಗ, ಪೊಲೀಸರ ಜೊತೆಗೆ ಅಬಕಾರಿ ಅಧಿಕಾರಿಗಳಿಗೂ ಶೋಧ ಮತ್ತು ಬಂಧನದ ಅಧಿಕಾರ ದೊರೆತು ಹೊಸದೊಂದು ಜೋಡಿ ಹುಟ್ಟಿತು. ಒಂದು ಇಲಾಖೆಯ ಮೂಲಗುಣ ಶಾಂತಿಪಾಲನೆ, ಇನ್ನೊಂದರದು ರಾಜಸ್ವ.

ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರೀ ಎಲೆ-ಬೀಜಗಳು ಈ ವ್ಯಾಖ್ಯೆಗೆ ಬರುವುದಿಲ್ಲ. ಹತ್ತಿ ಅಥವಾ ತೊಗರಿಯ ಸಾಲುಗಳ ನಡುವೆ, ಆಳೆತ್ತರದ ಬೆಳೆಯ ಮರೆಯಲ್ಲಿ ನಿಂತ ಗಿಡಗಳನ್ನು ಬೇರುಸಹಿತ ಕಿತ್ತು, ಹಸಿಯಾಗಿಯೇ ತೂಗಿ ಪಂಚನಾಮೆ ಬರೆದರೆ, 1 ಕಿಲೋ ಮತ್ತು 20 ಕಿಲೋಗಳ ಗಡಿಗಳ ಮೇಲೆ ಶಿಕ್ಷೆ ನಿರ್ಧಾರವಾಗುವ ಸಂಗ್ರಹದ ಆರೋಪದಲ್ಲಿ ಆ ತೂಕವೇ ನ್ಯಾಯಾಲಯದಲ್ಲಿ ವಿವಾದಕ್ಕೀಡಾಗುತ್ತದೆ. ಗಿಡ ಬೆಳೆಸಿದ ಅಪರಾಧಕ್ಕಾದರೋ ತೂಕದ ಹಂಗಿಲ್ಲ, 10 ವರ್ಷದವರೆಗೆ ಶಿಕ್ಷೆಯುಂಟು.

ಇಲ್ಲಿನ ತನಿಖೆಗೆ ಮತ್ತೊಂದು ತೊಡಕೂ ಇದೆ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ, ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಹಂಚಿಕೆಯಾಗುತ್ತದೆಂದು 2020ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಭಕ್ತನಿಗೆ ಅದು ಧ್ಯಾನದ ಸಾಧನ, ಕಾಯಿದೆಗೆ ಮುದ್ದೆಮಾಲು. ಈ ಅಂತರವನ್ನು ದಾಳಿಯೊಂದರಿಂದ ನಿವಾರಿಸುವುದು ಸಾಧ್ಯವಿಲ್ಲ.

ಅಕ್ರಮ ಬೇಸಾಯ ತಿಳಿದುಬಂದ ಕೂಡಲೇ ಪೊಲೀಸರಿಗೋ ಅಬಕಾರಿಯವರಿಗೋ ತಿಳಿಸಬೇಕೆಂದು ಕಾಯಿದೆಯ 47ನೆಯ ಕಲಮು ಪಂಚ, ಸರಪಂಚ ಹಾಗೂ ಪ್ರತಿಯೊಬ್ಬ ಗ್ರಾಮಾಧಿಕಾರಿಯ ಮೇಲೆ ಹೊಣೆ ಹೊರಿಸಿದೆ. ರದ್ದಾದ ಪಾಟೀಲಕಿಯ ಕೆಲಸವನ್ನೇ ಇದು ಬೇರೆಯವರ ಹೆಗಲಿಗೆ ದಾಟಿಸಿದೆಯಾದರೂ, ಮತಕ್ಕಾಗಿ ಅದೇ ಊರಿನವರ ಮನೆಬಾಗಿಲಿಗೆ ಹೋಗಬೇಕಾದ ಪಂಚಾಯಿತಿ ಸದಸ್ಯನಿಂದ ಆ ಕೆಲಸವನ್ನು ನಿರೀಕ್ಷಿಸುವುದು ಹಳೆಯ ಪಾಟೀಲನಿಂದ ನಿರೀಕ್ಷಿಸಿದ್ದಕ್ಕಿಂತಲೂ ಕಷ್ಟದ ಮಾತು.