ವಿಡಿಯೋ ಚಿತ್ರೀಕರಣ ವೃತ್ತಿ: ತರಬೇತಿ, ಸಾಲ ಮತ್ತು ನಿಯಮಗಳ ಬಗ್ಗೆ ಅರ್ಜಿದಾರರಿಗೆ ಮಾಹಿತಿ

ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳ ಚಿತ್ರೀಕರಣದಿಂದ ಹಿಡಿದು ಸಾಕ್ಷ್ಯಚಿತ್ರ, ಜಾಹೀರಾತು ಹಾಗೂ ದೂರದರ್ಶನ ಕಾರ್ಯಕ್ರಮಗಳವರೆಗೆ ವಿಡಿಯೋ ನಿರ್ಮಾಣವು ಅನೇಕರ ಜೀವನೋಪಾಯವಾಗಿದೆ. ಈ ವೃತ್ತಿಗಾಗಿ ತರಬೇತಿ ಅಥವಾ ಸಾಲಕ್ಕೆ ಅರ್ಜಿ ಸಲ್ಲಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅರ್ಜಿದಾರರು ಮೊದಲಿಗೆ ಗಮನಿಸಬೇಕಾದ ಅಂಶವೆಂದರೆ, ಕೆಲಸ ಕಲಿಯುವ ಮುನ್ನವೇ ಸಾಲ ಮಾಡಿ ದುಬಾರಿ ಕ್ಯಾಮೆರಾ ಖರೀದಿಸುವುದು ಹಿತಕರವಲ್ಲ. ಕ್ಯಾಮೆರಾದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಸಾಲದ ಕಂತು ಇಳಿಯುವುದಿಲ್ಲ.

ತರಬೇತಿ

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಛಾಯಾಗ್ರಹಣ ಮತ್ತು ಧ್ವನಿಗ್ರಹಣ ವಿಷಯಗಳಲ್ಲಿ ಡಿಪ್ಲೊಮಾ ಶಿಕ್ಷಣವನ್ನು ನೀಡಲಾಗುತ್ತದೆ. ಈ ಶಿಕ್ಷಣದ ಮೂಲ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿದೆ. ಮೈಸೂರಿನವರಾದ ಛಾಯಾಗ್ರಾಹಕ ಶ್ರೀ ವಿ.ಕೆ. ಮೂರ್ತಿಯವರು 1946ರಲ್ಲಿ ಇಲ್ಲಿಂದಲೇ ಡಿಪ್ಲೊಮಾ ಪಡೆದು ಮುಂಬಯಿಗೆ ತೆರಳಿದರು; 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. 1962ರಲ್ಲಿ ಇದೇ ಪಾಲಿಟೆಕ್ನಿಕ್‌ನಿಂದ ಹೊರಬಂದ ಶ್ರೀ ಗೋವಿಂದ ನಿಹಲಾನಿಯವರು ಶ್ರೀ ಮೂರ್ತಿಯವರ ಸಹಾಯಕರಾಗಿ ದುಡಿದ ನಂತರವೇ ಸ್ವತಂತ್ರ ಛಾಯಾಗ್ರಾಹಕರೂ ನಿರ್ದೇಶಕರೂ ಆದರು. ಡಿಪ್ಲೊಮಾ ಪಡೆದವರಿಗೂ ಅನುಭವಿಗಳ ಕೈಕೆಳಗಿನ ಕಲಿಕೆ ತಪ್ಪಿದ್ದಲ್ಲ.

ಸಂಸ್ಥೆಗೆ ಸೇರಲು ಸಾಧ್ಯವಾಗದವರು ಸ್ಥಳೀಯ ಸ್ಟುಡಿಯೋ ಒಂದರಲ್ಲಿ ಸಹಾಯಕರಾಗಿ ಕನಿಷ್ಠ ಒಂದು ಮದುವೆ ಋತುವನ್ನಾದರೂ ಕಳೆಯುವುದು ಸೂಕ್ತ. ದೀಪ ಹಿಡಿಯುವುದು, ತಂತಿ ಸುತ್ತುವುದು, ಬ್ಯಾಟರಿ ಚಾರ್ಜ್ ಮಾಡುವುದು ಕೀಳು ಕೆಲಸವೆಂದು ಭಾವಿಸತಕ್ಕದ್ದಲ್ಲ.

ಕಲಿಯಲೇಬೇಕಾದ ವಿಷಯಗಳು

ಮದುವೆಯ ಚಿತ್ರೀಕರಣದಲ್ಲಿ ಮಾಂಗಲ್ಯಧಾರಣೆಯನ್ನು ಮತ್ತೊಮ್ಮೆ ಮಾಡಿಸಲು ಬರುವುದಿಲ್ಲ. ಆ ಗಳಿಗೆಯಲ್ಲಿ ಗಟ್ಟಿಮೇಳ ಮೊಳಗುವುದರಿಂದ, ಮಂತ್ರದ ಧ್ವನಿಗೆ ಹೊಂದಿಸಿಟ್ಟ ಮೈಕಿನಲ್ಲಿ ಶಬ್ದವು ಒಡೆದು ಕರ್ಕಶವಾಗಿ ದಾಖಲಾಗುತ್ತದೆ. ಒಡೆದ ಧ್ವನಿಯನ್ನು ಸಂಕಲನದ ಸಮಯದಲ್ಲಿ ಪೂರ್ಣವಾಗಿ ಸರಿಪಡಿಸುವುದು ಕಷ್ಟ. ಆದ್ದರಿಂದ ವಾದ್ಯದವರು ಮೊದಲು ನುಡಿಸುವಾಗಲೇ ಧ್ವನಿಮಟ್ಟವನ್ನು ಪರೀಕ್ಷಿಸಿಕೊಳ್ಳಬೇಕು. ಹೊಸಬರು ಚಿತ್ರಕ್ಕೆ ನೀಡುವ ಗಮನದ ಅರ್ಧದಷ್ಟನ್ನೂ ಧ್ವನಿಗೆ ನೀಡುವುದಿಲ್ಲ.

ನಮ್ಮ ದೇಶದ ವಿದ್ಯುತ್ ಸರಬರಾಜು 50 ಹರ್ಟ್ಸ್‌ನದಾಗಿರುವುದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಕ್ಯಾಮೆರಾದಲ್ಲಿ ಪಟ್ಟಿಗಳಾಗಿ ಮೂಡಬಹುದು. ಸೆಕೆಂಡಿಗೆ 25 ಚೌಕಟ್ಟುಗಳಂತೆ ಚಿತ್ರಿಸುವಾಗ ಷಟರ್ ವೇಗವನ್ನು 1/50 ಸೆಕೆಂಡಿಗೆ ಇರಿಸಿದಲ್ಲಿ ಸಾಮಾನ್ಯವಾಗಿ ಈ ದೋಷ ತಪ್ಪುತ್ತದೆ. ಅಲಂಕಾರದ ಕೆಲವು ಎಲ್‌ಇಡಿ ದೀಪಗಳಿಗೆ ಇದು ಅನ್ವಯಿಸದು. ಮುಹೂರ್ತಕ್ಕೆ ಮೊದಲೇ ಮಂಟಪದಲ್ಲಿ ಪರೀಕ್ಷಿಸುವುದು ಅಗತ್ಯ.

ಸೆಕೆಂಡಿಗೆ 100 ಮೆಗಾಬಿಟ್ ಪ್ರಮಾಣದಲ್ಲಿ ದಾಖಲಿಸಿದರೆ ಒಂದು ಗಂಟೆಗೆ ಸುಮಾರು 45 ಗಿಗಾಬೈಟ್ ಸ್ಥಳ ಬೇಕಾಗುತ್ತದೆ. ಎರಡು ಪ್ರತ್ಯೇಕ ಹಾರ್ಡ್ ಡಿಸ್ಕ್‌ಗಳಿಗೆ ಪ್ರತಿ ಮಾಡಿ, ತೆರೆದು ನೋಡುವವರೆಗೆ ಮೆಮೊರಿ ಕಾರ್ಡನ್ನು ಅಳಿಸಬಾರದು.

ಸಾಲ

ಪ್ರಧಾನಮಂತ್ರಿ ಮುದ್ರಾ ಯೋಜನೆಯಡಿ ಬ್ಯಾಂಕುಗಳು ‘ಶಿಶು’ ವರ್ಗದಲ್ಲಿ ರೂ. 50,000ದವರೆಗೆ ಮತ್ತು ‘ಕಿಶೋರ’ ವರ್ಗದಲ್ಲಿ ರೂ. 5 ಲಕ್ಷದವರೆಗೆ ಸಾಲ ನೀಡುತ್ತವೆ. ಸಲ್ಲಿಸುವ ದರಪಟ್ಟಿಯಲ್ಲಿ ಕ್ಯಾಮೆರಾ ಮಾತ್ರವಲ್ಲದೆ ಮೈಕು, ಟ್ರೈಪಾಡ್, ದೀಪ ಮತ್ತು ಹಾರ್ಡ್ ಡಿಸ್ಕ್‌ಗಳನ್ನೂ ಸೇರಿಸುವುದು ಒಳಿತು. ಆಷಾಢ ಮತ್ತು ಧನುರ್ಮಾಸಗಳಲ್ಲಿ ಮದುವೆಗಳು ಬಹುತೇಕ ನಿಂತಿರುತ್ತವೆ, ಆದರೆ ಕಂತು ಪ್ರತಿ ತಿಂಗಳೂ ಬರುತ್ತದೆ. ಆದಾಯದ ಅಂದಾಜನ್ನು ಹನ್ನೆರಡು ತಿಂಗಳ ಸಮಪ್ರಮಾಣದಲ್ಲಿ ತೋರಿಸಿದವರು ಮೊದಲ ವರ್ಷದಲ್ಲೇ ತೊಂದರೆಗೆ ಸಿಲುಕಬಹುದು.

ನಿಯಮಗಳು

ಕೃತಿಸ್ವಾಮ್ಯ ಅಧಿನಿಯಮ, 1957ರ 17ನೇ ಪ್ರಕರಣದ ಮೇರೆಗೆ, ಹಣ ಪಡೆದು ಒಬ್ಬರ ಕೋರಿಕೆಯಂತೆ ತಯಾರಿಸಿದ ಚಿತ್ರದ ಮೊದಲ ಕೃತಿಸ್ವಾಮ್ಯವು, ವ್ಯತಿರಿಕ್ತ ಕರಾರು ಇಲ್ಲದಿದ್ದಲ್ಲಿ, ಮಾಡಿಸಿದವರಿಗೆ ಸೇರುತ್ತದೆ. ಆದಕಾರಣ ಮದುವೆಯ ದೃಶ್ಯಗಳನ್ನು ತಮ್ಮ ಸ್ಟುಡಿಯೋ ಪ್ರಚಾರಕ್ಕೆ ಬಳಸಲಿಚ್ಛಿಸುವವರು ಮುಂಗಡ ಪಡೆಯುವಾಗಲೇ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಮುಂಗಡ, ಬಾಕಿ ಹಣ, ಹಸ್ತಾಂತರದ ದಿನಾಂಕ ಮತ್ತು ಮೂಲ ದೃಶ್ಯಗಳನ್ನು ಎಷ್ಟು ಕಾಲ ಕಾಯ್ದಿರಿಸಲಾಗುವುದು ಎಂಬುದನ್ನೂ ಅದೇ ಕಾಗದದಲ್ಲಿ ನಮೂದಿಸಬೇಕು.

250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನ್ ಅನ್ನು ಬಾಡಿಗೆ ಚಿತ್ರೀಕರಣಕ್ಕೆ ಹಾರಿಸುವವರು ಡ್ರೋನ್ ನಿಯಮಗಳು, 2021ರಂತೆ ರಿಮೋಟ್ ಪೈಲಟ್ ಪ್ರಮಾಣಪತ್ರ ಹೊಂದಿರಬೇಕು. ಹಾರಿಸುವ ಸ್ಥಳವು ನಿರ್ಬಂಧಿತ ವಲಯದಲ್ಲಿದೆಯೇ ಎಂಬುದನ್ನು ಕೆಲಸ ಒಪ್ಪಿಕೊಳ್ಳುವ ಮುನ್ನವೇ ಖಚಿತಪಡಿಸಿಕೊಳ್ಳತಕ್ಕದ್ದು.